ತಲೆ ಮುಟ್ಟಿ ಮಾಡಿದ ಆಣೆ

ದೆಹಲಿಯ ಕರೋಲ್ ಬಾಗಿನಲ್ಲಿ ನಮ್ಮ ಕಡೆಯ ಸಾಮಾನು ಮಾರುವ ಒಂದು ಚಿಕ್ಕ ಅಂಗಡಿ ಇದೆ. ಬ್ಯಾಡಗಿ ಮೆಣಸಿನಕಾಯಿ, ಹಪ್ಪಳ, ಕಾಫಿ ಪುಡಿ ವರ್ಷವಿಡೀ ಸಿಗುತ್ತವೆ. ದೀಪಾವಳಿ ಹತ್ತಿರ ಬಂದರೆ ಹರಳೆಣ್ಣೆ, ಸೀಗೆಪುಡಿಯನ್ನೂ ಅಂಗಡಿಯವನು ತರಿಸಿ ಇಡುತ್ತಾನೆ. ಮೊನ್ನೆ ಹಬ್ಬದ ಸಾಮಾನಿಗೆ ಹೋದವಳು, "ಭಯ್ಯಾ, ಎಣ್ಣೆ ಹಳೇದಲ್ಲ ತಾನೇ?" ಎಂದು ಕೇಳಿದೆ. ಕೇಳಿದ್ದೇ ತಪ್ಪಾಯಿತು. ಅವನಿಗೆ ರೋಷ ಬಂದು ಒಂದು ಬಾಟಲಿಯ ಮುಚ್ಚಳ ತಿರುವಿ ನೇರ ನನ್ನ ಮೂಗಿಗೇ ಹಿಡಿದ. "ಸೂಂಘ್ ಲೋ ಆಂಟೀಜಿ!"

ಹರಳೆಣ್ಣೆಯದು ಅಂಥ ಪರಿಮಳವೇನಲ್ಲ. ಮಂದವಾದ, ಸ್ವಲ್ಪ ಕಮಟು ವಾಸನೆ. ಆದರೆ ನಾನು ಅಲ್ಲೇ ನಿಂತುಬಿಟ್ಟೆ. ಹಿಂದಿನವರು "ಆಗೇ ಬಢಿಯೇ" ಎಂದು ತಳ್ಳುವವರೆಗೂ ಮೂರು ವರ್ಷದ ಹಿಂದಿನ ಚಳಿಗಾಲ ಕಣ್ಣ ಮುಂದೆ ಬಂದು ನಿಂತಿತ್ತು. ಎಣ್ಣೆ ಎರಡು ಬಾಟಲಿ ಕೊಂಡೆ. ಸೀಗೆಪುಡಿಯನ್ನಂತೂ ಬೇಕಾದ್ದಕ್ಕಿಂತ ಹೆಚ್ಚೇ ಕೊಂಡೆ, ಅದಕ್ಕೆ ಕಾರಣ ಇದೆ.

ನಾವು ಇರುವುದು ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಕೇಂದ್ರ ಸರ್ಕಾರದ ಕೆಲಸ ನನ್ನದು, ಕ್ವಾರ್ಟರ್ಸೂ ನನ್ನ ಹೆಸರಿನದೇ. ನಮ್ಮವರು ಗುರುಗ್ರಾಮದ ಕಂಪನಿಯೊಂದಕ್ಕೆ ದಿನಾ ಮೆಟ್ರೋ ಹತ್ತಿ ಹೋಗಿಬರುತ್ತಾರೆ. ಜಗಳವಾದಾಗ "ನನ್ನ ಮನೆ ಬಿಟ್ಟು ನಡೀರಿ" ಅನ್ನುವ ಭಾಗ್ಯ ಎಷ್ಟು ಹೆಂಗಸರಿಗಿದೆ ಹೇಳಿ? ನನ್ನ ತವರು ಚಿತ್ರದುರ್ಗ. ಅಲ್ಲಿ ನಾವು ಹುಟ್ಟಿದಾರಭ್ಯ ನೆತ್ತಿಗೆ ಹರಳೆಣ್ಣೆ ತಟ್ಟಿಸಿಕೊಂಡೇ ಬೆಳೆದವರು. ಕಣ್ಣುರಿ ಬಂದರೆ ಹರಳೆಣ್ಣೆ, ನಿದ್ದೆ ಬರದಿದ್ದರೆ ಹರಳೆಣ್ಣೆ, ಮಗು ಹಟ ಮಾಡಿದರೂ ಹರಳೆಣ್ಣೆ. ದೆಹಲಿಗೆ ಬಂದು ಏನೇನು ಬಿಟ್ಟರೂ ನಾನು ಇದೊಂದನ್ನು ಬಿಟ್ಟಿಲ್ಲ.

ನಮ್ಮ ಮಗಳು ಚಿನ್ಮಯಿ, ಮನೆಯಲ್ಲಿ ಚಿನ್ನು, ಆಗ ಎಂಟನೇ ಕ್ಲಾಸು. ಸಂಗೀತಕ್ಕೆ ಸೇರಿಸಿದೆವು, ನಿಲ್ಲಲಿಲ್ಲ. ಭರತನಾಟ್ಯ, ಅದೂ ಇಲ್ಲ. ಕಾಲೋನಿಯ ಪಕ್ಕದ ಮೈದಾನದಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದ ಬಿಷ್ಟ್ ಸರ್ ಹತ್ತಿರ ಹೋದದ್ದೇ ಹೋದದ್ದು, ಅಲ್ಲಿಯೇ ಬೇರು ಬಿಟ್ಟಳು. ಬಿಷ್ಟ್ ಸರ್ ಗಢವಾಲದ ಕಡೆಯವರು. ಅರವತ್ತು ದಾಟಿದ, ಬಡಕಲು ಮೈಯ, ಗಂಟಲು ಮಾತ್ರ ಗಟ್ಟಿ ಇರುವ ಮನುಷ್ಯ. ತಮ್ಮ ಕಾಲದಲ್ಲಿ ಒಳ್ಳೆಯ ಆಟಗಾರರಂತೆ. ಚಿನ್ನು ವಯಸ್ಸಿಗೆ ಮೀರಿ ಎತ್ತರ. ಚೆಂಡು ಮೇಲಿಂದ ಬಂದರೆ ಬೇರೆ ಹುಡುಗಿಯರು ಕಣ್ಣು ಮುಚ್ಚಿಕೊಂಡು ತಲೆ ತಗ್ಗಿಸುತ್ತಿದ್ದರು, ಇವಳು ಕಣ್ಣು ತೆರೆದೇ ಹಾರಿ ಹಣೆಯಲ್ಲಿ ಹೊಡೆಯುತ್ತಿದ್ದಳು. ಬಿಷ್ಟ್ ಸರ್ ಇವಳಿಗೆ 'ಹಥೋಡಾ' ಎಂದು ಹೆಸರಿಟ್ಟರು. ಸುತ್ತಿಗೆ! ಹೆಣ್ಣು ಮಗುವಿಗೆ ಇಡುವ ಹೆಸರೇ ಇದು ಎಂದು ನಾನು ಮುಖ ಸಿಂಡರಿಸಿದರೂ ಒಳಗೊಳಗೇ ಉಬ್ಬಿದ್ದು ನಿಜ. ನಮ್ಮವರಂತೂ ಅವಳು ಹಾರುವ ವಿಡಿಯೋಗಳನ್ನು ಇಡೀ ಬಳಗಕ್ಕೆ ಕಳಿಸಿ ಕಳಿಸಿ, ಕೊನೆಗೆ ನನ್ನ ಅಣ್ಣ ಗ್ರೂಪನ್ನೇ ಬಿಟ್ಟು ಹೋದ.

ಗೋಲಿನಲ್ಲಿ ನಿಲ್ಲುತ್ತಿದ್ದವಳು ಗುರ್‌ಲೀನ್. ಹಿಂದಿನ ಬ್ಲಾಕಿನ ಸರ್ದಾರ್ ಕುಟುಂಬದ ಹುಡುಗಿ, ಚಿನ್ನುವಿನ ಕ್ಲಾಸೇ. ಮೊಣಕಾಲು ಮುಟ್ಟುವಷ್ಟು ಉದ್ದದ ಜಡೆ, ಅದನ್ನು ಮೂರು ಸುತ್ತು ಸುತ್ತಿ ಕಟ್ಟಿಕೊಂಡು ಆಡುತ್ತಿದ್ದಳು. ನಮ್ಮ ಹರಳೆಣ್ಣೆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ಆಂಟೀ, ನಮ್ಮ ದಾದಿ ಹಾಕೋ ಸಾಸಿವೆ ಎಣ್ಣೆ ನೋಡಿ, ಅದು ಎಣ್ಣೆ ಅಂದ್ರೆ!" ಎಂದು ತನ್ನ ಅಜ್ಜಿಯ ಪರ ಅವಳು, "ಅದು ಉಪ್ಪಿನಕಾಯಿಗೆ ಹಾಕೋದು ಕಣೇ" ಎಂದು ನಾನು. ಈ ವಾದ ವರ್ಷಗಟ್ಟಲೆ ನಡೆದಿತ್ತು.

ಆ ವರ್ಷ ನರಕ ಚತುರ್ದಶಿ ಭಾನುವಾರ ಬಂತು. ಅವತ್ತೇ ಬೆಳಿಗ್ಗೆ ಇವರ ಮ್ಯಾಚು. "ಅಮ್ಮಾ ಪ್ಲೀಸ್, ಎಣ್ಣೆ ಶಾಮ್ ಕೋ, ಸಂಜೆ ಹಚ್ಚು" ಎಂದು ಚಿನ್ನು ಗೋಗರೆದಳು. ನಾನು ಕೇಳುವವಳೇ? ಚತುರ್ದಶಿಯ ದಿನ ಸೂರ್ಯ ಹುಟ್ಟುವ ಮೊದಲು ಎಣ್ಣೆ ನೀರು ಆಗಲೇಬೇಕು, ಅದು ದುರ್ಗವಾದರೇನು, ದೆಹಲಿಯಾದರೇನು. ಕೂರಿಸಿ, ಆರತಿ ಎತ್ತಿ, ಬೆಚ್ಚಗಿನ ಹರಳೆಣ್ಣೆಯನ್ನು ನೆತ್ತಿಗೆ ಇಳಿಯುವ ತನಕ ತಟ್ಟಿದೆ. ಬಚ್ಚಲಿಗೆ ಹೋಗಿ ನೋಡಿದರೆ ಸೀಗೆಪುಡಿಯ ಡಬ್ಬಿ ಖಾಲಿ! ಹೋಗಲಿ ಎಂದು ಶಾಂಪೂ ಹಾಕಿ ತಿಕ್ಕಿದೆ. ಹರಳೆಣ್ಣೆ ಶಾಂಪೂಗೆ ಬಗ್ಗುವ ಎಣ್ಣೆಯಲ್ಲ. ಎರಡು ಸಲ ಹಾಕಿದರೂ ಕೂದಲು ನುಣುಪಾಗಿ ಮಿರಮಿರ ಹೊಳೆಯುತ್ತಲೇ ಇತ್ತು. ಹೊತ್ತಾಯಿತೆಂದು ಹಾಗೇ ಜುಟ್ಟು ಕಟ್ಟಿ ಓಡಿದಳು.

ಮ್ಯಾಚಿನಲ್ಲಿ ಆದದ್ದನ್ನು ಈಗ ನೆನೆದರೆ ನಗು ಬರುತ್ತದೆ. ಎದುರಿನವರು ಕಾರ್ನರ್ ಹೊಡೆದರು. ಹಥೋಡಾ ಹಾರಿತು. ಚೆಂಡು ಅವಳ ತಲೆಗೆ ತಾಗಿ, ಮುಂದಕ್ಕೆ ಹೋಗಬೇಕಾದ್ದು ಎಣ್ಣೆಯ ಮೇಲೆ ಸರ್ರನೆ ಜಾರಿ ಹಿಂದಕ್ಕೆ ಹೋಗಿ, ಗುರ್‌ಲೀನಳ ಕೈ ತಪ್ಪಿಸಿ ನಮ್ಮದೇ ಗೋಲಿನೊಳಗೆ ಬಿತ್ತು. ಬಿಷ್ಟ್ ಸರ್ ಓಡಿಬಂದು ಇವಳ ತಲೆ ಮುಟ್ಟಿ, ಕೈ ಮೂಸಿ ನೋಡಿ, "ಏ ಕ್ಯಾ ಲಗಾಯಾ ಹೈ ಬೇಟಾ, ಗ್ರೀಸ್?" ಎಂದರು. ಮೈದಾನಕ್ಕೆ ಮೈದಾನವೇ ಬಿದ್ದು ಬಿದ್ದು ನಕ್ಕಿತು. ಸೋತರು. ಹಬ್ಬದ ಹೋಳಿಗೆಯನ್ನು ಅವಳು ಮುಟ್ಟಲೇ ಇಲ್ಲ.

ಅಲ್ಲಿಂದ ಅವಳಿಗೆ ಒಂದು ಹಟ ಹಿಡಿಯಿತು. ಜನವರಿಯಲ್ಲಿ ದೆಹಲಿ ತಂಡಕ್ಕೆ ಹುಡುಗಿಯರನ್ನು ಆರಿಸುವ ಟ್ರಯಲ್ ಇತ್ತು. ಅದಕ್ಕೆ ಹೋಗಬೇಕು, ನಕ್ಕವರ ಮುಂದೆ ಆಯ್ಕೆಯಾಗಿ ತೋರಿಸಬೇಕು. ನಮ್ಮ ಕಾಲೋನಿಯ ಗೋಡೆಗಳ ಮೇಲೆ ಕಲಾವಿದರು ದೊಡ್ಡ ದೊಡ್ಡ ಚಿತ್ರ ಬಿಡಿಸಿದ್ದಾರೆ. ನಮ್ಮ ಬ್ಲಾಕಿನ ಗೋಡೆಯ ಮೇಲೆ ನೀಲಿ ಹಕ್ಕಿಯೊಂದಿದೆ. ಸ್ಕೂಲಿನಿಂದ ಬಂದು ಬ್ಯಾಗ್ ಎಸೆದು, ಆ ಹಕ್ಕಿಯ ಹೊಟ್ಟೆಗೆ ತಲೆಯಿಂದ ಚೆಂಡು ಹೊಡೆಯುವುದು, ಅದು ತಿರುಗಿ ಬಂದರೆ ಮತ್ತೆ ಹೊಡೆಯುವುದು. ಧಪ್, ಧಪ್ ಎಂದು ಕತ್ತಲಾಗುವವರೆಗೆ ಅದೇ ಸದ್ದು. ಹಕ್ಕಿಯ ಹೊಟ್ಟೆಯ ಮೇಲೆ ಮಣ್ಣಿನ ಮಚ್ಚೆಗಳಾದವು. ಮೈದಾನದಲ್ಲೂ ಬಿಷ್ಟ್ ಸರ್ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ತಲೆಗೆ ಚೆಂಡು ಎಸೆಯುತ್ತಿದ್ದರು. ಮೊದಲಿನಿಂದಲೂ ಕಲಿಸುವುದೇ ಹಾಗೆ, ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. "ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬಾರದು ಕಣೇ" ಎಂದು ನಾನು ಕಿಟಕಿಯಿಂದ ಕೂಗಿದರೆ, "ಬಂಡೆ ಅಲ್ಲಮ್ಮಾ, ಬರ್ಡ್!" ಎಂದು ನಗುತ್ತಿದ್ದಳು.

ನವೆಂಬರ್ ಬಂತು, ಹೊಗೆ ಇಳಿಯಿತು. ದೆಹಲಿಯಲ್ಲಿ ನವೆಂಬರಿನಲ್ಲಿ ತಲೆ ನೋಯದವರು ಯಾರಿದ್ದಾರೆ? ಆಫೀಸಿನಲ್ಲಿ ಎಲ್ಲರೂ ತಲೆ ಹಿಡಿದುಕೊಂಡೇ ಫೈಲು ನೋಡುತ್ತಿದ್ದರು. ಹಾಗಾಗಿ ಚಿನ್ನು ಟ್ಯೂಬ್‌ಲೈಟ್ ಆರಿಸು, ಕಣ್ಣು ಚುಚ್ಚುತ್ತೆ ಎಂದಾಗ, ಇದು ಹೊಗೆಯ ಉಪದ್ರವ ಎಂದುಕೊಂಡೆ. ಅಜ್ವಾನದ ಹಬೆ ಕೊಟ್ಟೆ, ಮೆಣಸಿನ ಕಷಾಯ ಕುಡಿಸಿದೆ. ಅವಳಿಗೆ ಮಾತು ಮಾತಿಗೂ ಸಿಡುಕು. ಸ್ಕೂಲಿನ ಸ್ವೆಟರ್ ಬೇರೆ ಎಲ್ಲೋ ಬಿಟ್ಟು ಬಂದಿದ್ದಳು. ಎಲ್ಲಿ ಎಂದು ಕೇಳಿದರೆ "ಬಸ್ ಮೇ ಛೂಟ್ ಗಯಾ ಹೋಗಾ, ಬಸ್ಸಲ್ಲೇ ಬಿಟ್ಟಿರ್ತೀನಿ" ಎಂದು ಚೀರಿದಳು. ವಯಸ್ಸಿನ ಆಟ, ಯಾರು ಹಿಡಿಯುತ್ತಾರೆ ಎಂದು ನಾನೂ ನಾಲ್ಕು ಬೈದು ಹೊಸ ಸ್ವೆಟರ್ ತಂದೆ.

ಅದಾದ ಒಂದೆರಡು ದಿನಕ್ಕೆ, ಶನಿವಾರ ಮಧ್ಯಾಹ್ನ, ಚಿನ್ನು ಒಳಗೆ ಕಿಟಕಿ ಪರದೆ ಎಳೆದುಕೊಂಡು ಮಲಗಿದ್ದಾಗ ಗುರ್‌ಲೀನ್ ಬಂದಳು. ಯಾವಾಗಲೂ ಬಾಗಿಲು ತೆರೆಯುವ ಮೊದಲೇ ಒಳಗೆ ಇರುವ ಹುಡುಗಿ. ಅವತ್ತು ಚಪ್ಪಲಿಯನ್ನೂ ಬಿಡದೆ ಹೊಸಿಲಾಚೆಯೇ ನಿಂತಳು.

"ಅವಳು ಮಲಗಿದಾಳೆ. ಒಳಗೆ ಬಾ" ಎಂದೆ. ನಮ್ಮಿಬ್ಬರ ಮಾತೆಲ್ಲ ಹಿಂದಿಯಲ್ಲೇ.

"ಇಲ್ಲ ಆಂಟೀ. ನಿಮ್ಮ ಹತ್ರ ಒಂದು ಮಾತು ಕೇಳಬೇಕಿತ್ತು. ಯಾರದಾದ್ರೂ ತಲೆ ಮುಟ್ಟಿ ಆಣೆ ಮಾಡಿ, ಆಮೇಲೆ ಆ ಆಣೆ ಮುರಿದ್ರೆ... ಆ ತಲೆಗೆ ಏನಾಗುತ್ತೆ?"

ಯಾವುದೋ ಹುಡುಗರ ಸಮಾಚಾರವಿರಬೇಕು ಎಂದು ನನ್ನ ಹಾಳು ತಲೆ ಮೊದಲು ಅಲ್ಲಿಗೇ ಓಡಿತು. "ಯಾರ ತಲೆಯೇ?" ಎಂದೆ.

"ಚಿನ್ನುದು."

ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೂರಿಸಿದೆ. ಅವಳು ಬಾಯಿ ಬಿಡಲೊಲ್ಲಳು. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಅಳುತ್ತಾಳೆ. "ಹೇಳಿದ್ರೆ ಅವಳ ತಲೆಗೆ ಕೆಟ್ಟದ್ದಾಗುತ್ತೆ, ಹೇಳದಿದ್ರೂ ಆಗುತ್ತೆ ಆಂಟೀ, ನಾನೇನು ಮಾಡ್ಲಿ?" ಪಾಪ, ಆ ಮಗು ಎಷ್ಟು ಹೊತ್ತಿನಿಂದ ಈ ಇಕ್ಕಟ್ಟಿನಲ್ಲಿ ಬೇಯುತ್ತಿತ್ತೋ. ಆಣೆ ಎಲ್ಲ ಸುಳ್ಳು ಎಂದು ನಾನು ಹೇಳಬಹುದಿತ್ತು. ಹೇಳಿದರೆ ಅವಳು ನಂಬುತ್ತಿರಲಿಲ್ಲ, ಏಕೆಂದರೆ ಆಣೆ ಸುಳ್ಳು ಎಂದು ನಾನೂ ಪೂರ್ತಿ ನಂಬುವವಳಲ್ಲ. ನಮ್ಮಲ್ಲೂ ಮಕ್ಕಳ ತಲೆ ಮುಟ್ಟಿ ಆಣೆ ಮಾಡಬಾರದು ಎಂದೇ ಹೇಳುತ್ತಾರೆ. ಆಗ ನನಗೆ ನಮ್ಮಮ್ಮ ಮಾಡುತ್ತಿದ್ದ ಒಂದು ಉಪಾಯ ನೆನಪಾಯಿತು.

"ನೋಡು ಗುರ್‌ಲೀನ್, ಆ ತಲೆ ಹೆತ್ತವಳು ನಾನು. ಅದರ ಮೇಲೆ ಯಾರು ಏನೇ ಇಟ್ಟರೂ ಇಳಿಸೋ ಹಕ್ಕು ನನ್ನದು. ಈಗ ಇಳಿಸ್ತೀನಿ, ಸುಮ್ನೆ ಕೂತಿರು" ಎಂದು ಹಿಡಿ ಕಲ್ಲುಪ್ಪು, ಒಣಮೆಣಸಿನಕಾಯಿ ತೆಗೆದುಕೊಂಡು ಅವಳ ತಲೆಯಿಂದ ಕಾಲಿನವರೆಗೆ ನಿವಾಳಿಸಿದೆ. "ಇವಳು ಮಾಡಿದ ಆಣೆ ಇವಳಿಗೂ ಬೇಡ, ಅವಳಿಗೂ ಬೇಡ, ಬೆಂಕಿಗೆ ಹೋಗಲಿ" ಎಂದು ಕನ್ನಡದಲ್ಲೇ ಹೇಳಿ, ಕಾದ ಬಾಣಲೆಗೆ ಹಾಕಿದೆ. ಬ್ಯಾಡಗಿ ಅಲ್ಲ, ಅವತ್ತು ಕೈಗೆ ಸಿಕ್ಕಿದ್ದು ಖಾರದ ಗುಂಟೂರು. ಎಂಥಾ ಘಾಟು! ಇಬ್ಬರೂ ಕೆಮ್ಮಿ ಕೆಮ್ಮಿ ಕಣ್ಣು ಮೂಗು ಒಂದಾಯಿತು. ಆ ಕೆಮ್ಮಿನ ನಡುವೆಯೇ ಹುಡುಗಿಗೆ ಒಂದು ಸಣ್ಣ ನಗು ಬಂತು, ನಗುವಿನ ಹಿಂದೆ ಮಾತೂ ಬಂತು.

ಬುಧವಾರದ ಪ್ರಾಕ್ಟೀಸಿನಲ್ಲಿ ತುಂಬ ಮೇಲಿನಿಂದ ಬಂದ ಚೆಂಡಿಗೆ ಚಿನ್ನು ಹಾರಿದ್ದಾಳೆ. ಅದು ಹಣೆಗೆ ಬೀಳದೆ ಕಿವಿಯ ಮೇಲ್ಗಡೆ ಬಡಿದಿದೆ. ಬಿದ್ದಿಲ್ಲ. ಎರಡು ಹೆಜ್ಜೆ ತಡವರಿಸಿ ಮತ್ತೆ ಆಡಿದ್ದಾಳೆ, ಹಾಗಾಗಿ ಯಾರಿಗೂ ಏನೂ ಅನ್ನಿಸಿಲ್ಲ. ಹಾಫ್ ಟೈಮ್ ಆದ ಮೇಲೆ ಎದುರಿನವರ ಗೋಲಿನ ಮುಂದೆ ಹೋಗಿ ನಿಂತಿದ್ದಾಳೆ. ಗುರ್‌ಲೀನ್ ಕರೆದುಕೊಂಡು ಬಂದರೆ "ನಾವು ಗೆದ್ವಾ?" ಎಂದು ಕೇಳಿದ್ದಾಳೆ. ಉತ್ತರ ಹೇಳಿದ ಮೇಲೂ ಮತ್ತೆ ಮತ್ತೆ ಅದನ್ನೇ ಕೇಳಿದ್ದಾಳೆ. ಆಟ ಮುಗಿದ ಮೇಲೆ ಗೋಲಿನ ಹಿಂದೆ ಕೂತು ವಾಂತಿ ಮಾಡಿಕೊಂಡಿದ್ದಾಳೆ. ಆಮೇಲೆ ಗುರ್‌ಲೀನಳ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡು, "ಅಮ್ಮಂಗೆ ಹೇಳಲ್ಲ ಅಂತ ಆಣೆ ಮಾಡು, ಟ್ರಯಲ್‌ಗೆ ಬಿಡಲ್ಲ ಅವಳು" ಎಂದಿದ್ದಾಳೆ.

ನಾನು ನಮ್ಮವರಿಗೆ ಫೋನ್ ಮಾಡಿದೆ. ಅವರು ಮೆಟ್ರೋ ಹತ್ತಿ ಮನೆಗೆ ಬರುವ ತನಕ ಕಾಯುವಷ್ಟು ತಾಳ್ಮೆ ಇರಲಿಲ್ಲ, ನೇರ ಆಸ್ಪತ್ರೆಗೇ ಬನ್ನಿ ಎಂದೆ. ಚಿನ್ನು ಎದ್ದು ಬಂದವಳು ಗುರ್‌ಲೀನಳನ್ನು ನೋಡಿದಳು, ನನ್ನ ಮುಖ ನೋಡಿದಳು. "ಚುಗಲ್‌ಖೋರ್!" ಎಂದಳು. ಚಾಡಿಕೋರಿ ಅಂತ. "ಅವಳನ್ನ ಯಾಕೆ ಬೈತೀಯ? ಆಣೆ ಮಾಡಿಸಿ ಆ ಮಗೂನ ಸಾಯಿಸಿದೀಯಲ್ಲೇ" ಎಂದು ನಾನು ರೇಗಿದರೆ, "ಯಾವ ಆಣೆ? ನಾನು ಯಾವ ಆಣೆನೂ ಮಾಡಿಸಿಲ್ಲ. ಝೂಠ್ ಬೋಲ್ ರಹೀ ಹೈ, ಸುಳ್ಳಿ!" ಎಂದುಬಿಟ್ಟಳು. ಗುರ್‌ಲೀನ್ ಬೂದಿಯಾದ ಮೆಣಸಿನಕಾಯಿಯ ಬಾಣಲೆಯನ್ನೇ ನೋಡುತ್ತ ನಿಂತಿದ್ದಳು.

ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರಮ್ಮ ನನಗಿಂತ ಚಿಕ್ಕವರು. ಬೆರಳು ಹಿಂಬಾಲಿಸಿ ಕಣ್ಣು ಆಡಿಸಲು ಹೇಳಿದರು, ಒಂಟಿ ಕಾಲಲ್ಲಿ ನಿಲ್ಲಿಸಿದರು, ತಿಂಗಳುಗಳ ಹೆಸರನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸಿದರು. ನವೆಂಬರಿನಿಂದ ಸೆಪ್ಟೆಂಬರಿಗೆ ಹಾರಿದಳು ನಮ್ಮ ಚಿನ್ನು, ಹಾರಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಸ್ಕ್ಯಾನ್ ಆಯಿತು, ಅದರಲ್ಲಿ ಏನೂ ಇರಲಿಲ್ಲ.

"ಹಾಗಾದ್ರೆ ಏನೂ ಆಗಿಲ್ಲ ಅಲ್ವಾ?" ಎಂದು ನಮ್ಮವರು ಉಸಿರು ಬಿಟ್ಟರು.

"ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ. ಸ್ಕ್ಯಾನ್ ಹೇಳೋದು ಅಷ್ಟೇ" ಎಂದರು ಅವರು. "ಇದು ಕನ್‌ಕಷನ್. ಪೆಟ್ಟಿಗೆ ಮಿದುಳು ಒಳಗೇ ಅಲುಗಾಡಿದೆ. ಅದು ಫೋಟೋದಲ್ಲಿ ಕಾಣಲ್ಲ."

ಹೆಪ್ಪು ಹಾಕಿದ ಮೊಸರಿನ ಪಾತ್ರೆ ಅಲುಗಿದರೆ ಪಾತ್ರೆಗೇನೂ ಆಗುವುದಿಲ್ಲ, ಮುಚ್ಚಳವೂ ಹಾಗೇ ಇರುತ್ತದೆ, ಒಳಗೆ ಮೊಸರು ಒಡೆದಿರುತ್ತದೆ. ನನಗೆ ಅರ್ಥವಾದದ್ದು ಹಾಗೆ. "ಹೌದು, ಆದ್ರೆ ಇದು ಮೊಸರಿನ ಥರ ಅಲ್ಲ, ಬಿಟ್ಟರೆ ಬಹುಮಟ್ಟಿಗೆ ಮತ್ತೆ ಕೂಡಿಕೊಳ್ಳುತ್ತೆ" ಎಂದು ಅವರು ನಕ್ಕರು. "ಕೂಡಿಕೊಳ್ಳೋ ಮೊದಲು ಇನ್ನೊಂದು ಪೆಟ್ಟು ಬಿದ್ದಿದ್ರೆ ಮಾತ್ರ ಬಹಳ ಕಷ್ಟ ಆಗ್ತಿತ್ತು. ಅದಕ್ಕೆ ಮೊದಲೇ ಕರ್ಕೊಂಡು ಬಂದ್ರಿ."

ಮುಂದಿನ ಪ್ರಾಕ್ಟೀಸ್ ಮರುದಿನ ಭಾನುವಾರ ಬೆಳಿಗ್ಗೆ ಇತ್ತು. ಗುರ್‌ಲೀನ್ ಬಾರದಿದ್ದರೆ ನಾನೇ ಬೂಟಿನ ದಾರ ಕಟ್ಟಿ ಕಳಿಸುತ್ತಿದ್ದೆ.

ವಾರಗಟ್ಟಲೆ ಗೋಡೆಗೆ ಹೊಡೆದ ಸಣ್ಣ ಸಣ್ಣ ಪೆಟ್ಟುಗಳ ವಿಷಯ ಕೇಳಿದೆ. ಅವು ಏನು ಮಾಡಿವೆ? ಮುಂದೆ ಏನು ಮಾಡುತ್ತವೆ? ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಗೊತ್ತಿಲ್ಲ" ಎಂದರು. "ವರ್ಷಾನುಗಟ್ಟಲೆ ತಲೆಯಲ್ಲಿ ಆಡಿದ ಕೆಲವು ದೊಡ್ಡ ಆಟಗಾರರಿಗೆ ವಯಸ್ಸಾದ ಮೇಲೆ ಮರೆವಿನ ಕಾಯಿಲೆ ಹೆಚ್ಚು ಕಂಡುಬಂದಿದೆ. ಮಕ್ಕಳ ವಿಷಯದಲ್ಲಿ ಎಷ್ಟಾದರೆ ಹೆಚ್ಚು ಅನ್ನೋದು ಇನ್ನೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಅದಕ್ಕೇ ಕೆಲವು ದೇಶಗಳಲ್ಲಿ ಸಣ್ಣ ಮಕ್ಕಳಿಗೆ ತಲೆಯಿಂದ ಹೊಡೆಯೋ ಹೆಡಿಂಗ್ ಬೇಡ ಅಂತಲೇ ಮಾಡಿದಾರೆ. ಪೂರ್ತಿ ಗೊತ್ತಾಗೋ ತನಕ ಕಾಯೋದು ಯಾಕೆ? ಕಡಿಮೆ ಮಾಡಿ." ಅವತ್ತು ಆ 'ಗೊತ್ತಿಲ್ಲ' ಕೇಳಿ ನನಗೆ ಮೈ ಉರಿದಿತ್ತು, ಇಷ್ಟು ಓದಿ ಇವರಿಗೆ ಗೊತ್ತಿಲ್ಲವಂತೆ ಎಂದು. ಈಗ ಆ ಹೆಣ್ಣುಮಗಳ ಮೇಲೆ ಬಹಳ ಗೌರವ ಇದೆ. ಸುಳ್ಳು ಧೈರ್ಯ ಹೇಳುವುದು ಅವರಿಗೆ ಎಷ್ಟು ಸುಲಭವಿತ್ತು.

ಕೊನೆಗೆ ಅವರು ಚಿನ್ನುವಿನ ಕಡೆ ತಿರುಗಿ, ಬುಧವಾರ ಸಂಜೆ ಏನಾಯಿತು ಹೇಳಮ್ಮಾ ಎಂದರು. "ಆಡಿದ್ವಿ, ಮನೆಗೆ ಬಂದೆ." ನಡುವೆ? "ನಡುವೆ ಏನೂ ಆಗಿಲ್ಲ." ಡಾಕ್ಟರಮ್ಮ ನನ್ನ ಕಡೆ ಒಂದು ಸಲ ನೋಡಿದರು. ಅವಳು ಸುಳ್ಳು ಹೇಳುತ್ತಿಲ್ಲ, ಆ ಸಂಜೆ ಅವಳಲ್ಲಿ ದಾಖಲೇ ಆಗಿಲ್ಲ ಎಂದು ಆಮೇಲೆ ಹೊರಗೆ ಹೇಳಿದರು. ಹುಡುಗಿ ಮಾತ್ರ ಒಪ್ಪಲಿಲ್ಲ. "ನನಗೆಲ್ಲಾ ನೆನಪಿದೆ. ಗುರ್‌ಲೀನ್ ನನ್ನ ಟ್ರಯಲ್ ಹಾಳು ಮಾಡಿದ್ಲು" ಎನ್ನುವುದೊಂದೇ ಅವಳ ಹಾಡು.

ಡಿಸೆಂಬರ್ ಹೀಗೇ ಹೋಯಿತು. ಮೊದಲು ಪೂರ್ತಿ ವಿಶ್ರಾಂತಿ, ಮೊಬೈಲ್ ಇಲ್ಲ, ಟಿವಿ ಇಲ್ಲ. ಆಮೇಲೆ ಸ್ವಲ್ಪ ನಡಿಗೆ, ಸ್ವಲ್ಪ ಓದು, ಅರ್ಧ ದಿನ ಸ್ಕೂಲು. ನಾನು ಕೂಡಿಟ್ಟ ರಜೆಯನ್ನೆಲ್ಲ ಹಾಕಿದೆ. ಬಿಸಿಲು ಬಂದ ದಿನ ಹುಲ್ಲುಹಾಸಿನ ಮೇಲೆ ಚಾಪೆ ಹಾಸಿಕೊಂಡು ಅಮ್ಮ ಮಗಳು ಬಟಾಣಿ ಸುಲಿಯುತ್ತಿದ್ದೆವು. ಅಷ್ಟು ವರ್ಷಗಳಲ್ಲಿ ನಾನು ಅವಳ ಪಕ್ಕದಲ್ಲಿ ಅಷ್ಟು ಹೊತ್ತು ಕೂತದ್ದೇ ಇರಲಿಲ್ಲ. ಓದಬಾರದು, ನೋಡಬಾರದು ಎಂದಾದರೆ ಇನ್ನೇನು, ಮಾತೇ ಗತಿ. ಹಿಂದಿಯಲ್ಲಿ ಶುರುವಾದ ಅವಳ ಮಾತು ಮೆಲ್ಲಗೆ ಕನ್ನಡಕ್ಕೆ ಬಂತು. ನಮ್ಮಮ್ಮನ ಕಥೆ, ದುರ್ಗದ ಕೋಟೆಯ ಕಥೆ ಎಲ್ಲ ಕೇಳಿದಳು. ಕಷ್ಟದ ದಿನಗಳೇ, ಆದರೂ ಅವುಗಳಿಗೆ ನಾನು ಋಣಿ. ಗುರ್‌ಲೀನ್ ಮಾತ್ರ ನಮ್ಮ ಬ್ಲಾಕಿನ ಕಮಾನು ಬಾಗಿಲಿನ ತನಕ ಬಂದು, ಚಿನ್ನು ಮುಖ ತಿರುಗಿಸಿದ್ದನ್ನು ಕಂಡು, ಹಾಗೇ ಹಿಂದೆ ಹೋಗುತ್ತಿದ್ದಳು. ನಾನು ಹೇಳಿ ಹೇಳಿ ಸೋತೆ. ಹಥೋಡಾ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ ಬಿಷ್ಟ್ ಸರ್.

ಅವರ ಜೊತೆ ಜಗಳಕ್ಕೂ ಹೋಗಿದ್ದೆ. ಸೆರಗು ಸಿಕ್ಕಿಸಿಕೊಂಡೇ ಹೋದೆ ಅನ್ನಿ. "ಮಕ್ಕಳ ತಲೆ ಅಂದ್ರೆ ತೆಂಗಿನಕಾಯಿ ಅಂದ್ಕೊಂಡಿದೀರಾ?" ಎಂದು ಶುರು ಮಾಡಿ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದೆ. ಅವರು ಎದುರು ಮಾತಾಡುತ್ತಾರೆ ಎಂದು ಕಾದೆ. ಮನುಷ್ಯ ಟೋಪಿ ತೆಗೆದು ತಲೆ ಸವರಿಕೊಂಡರು. "ನಮ್ಮ ಕಾಲದಲ್ಲಿ ಚರ್ಮದ ಚೆಂಡು ಮೇಡಂ. ಮಳೆಯಲ್ಲಿ ನೆನೆದರೆ ಕಲ್ಲೇ. ಆಡಿದ ರಾತ್ರಿ ತಲೆ ಸಿಡೀತಿತ್ತು. ಬಿಸಿಲು ಅಂದ್ಕೋತಿದ್ವಿ" ಎಂದರು. ಟೋಪಿ ಮತ್ತೆ ಹಾಕಿಕೊಂಡು, "ಆ ಡಾಕ್ಟರ್ ದೊಡ್ಡವರನ್ನೂ ನೋಡ್ತಾರಾ?" ಎಂದು ಕೇಳಿದರು. ನನ್ನ ಜಗಳ ಅಲ್ಲಿಗೆ ಮುಗಿಯಿತು. ಸಂಜೆ ನಾನೇ ಡಾಕ್ಟರಮ್ಮನ ಹೆಸರು, ನೋಡುವ ದಿನ ಎಲ್ಲ ತಿಳಿಸಿದೆ.

ಅದರ ಮುಂದಿನ ವಾರ ಮೈದಾನದ ಪಕ್ಕ ಹಾದುಹೋದವಳು ನಿಂತುಬಿಟ್ಟೆ. ಮಂಜಿನಲ್ಲಿ ಸಾಲಾಗಿ ನಿಂತ ಪುಟ್ಟ ಹುಡುಗಿಯರು ಬಲೂನುಗಳನ್ನು ತಲೆಯಿಂದ ತಟ್ಟುತ್ತಿದ್ದರು! ಕೆಂಪು, ಹಳದಿ, ಹಸಿರು. ಬಿಷ್ಟ್ ಸರ್ ಬಾಯಿಂದ ಊದಿ ಊದಿ ಗಂಟು ಹಾಕುತ್ತಿದ್ದರು. ತಲೆಯಿಂದ ಚೆಂಡು ಹೊಡೆಸುವುದನ್ನು ಚಿಕ್ಕವರಿಗೆ ನಿಲ್ಲಿಸಿಯೇಬಿಟ್ಟಿದ್ದರು. ದೊಡ್ಡವರಿಗೂ ಮೊದಲು ಕತ್ತು ಗಟ್ಟಿ ಮಾಡುವ ವ್ಯಾಯಾಮ, ಆಮೇಲೆ ಅಪರೂಪಕ್ಕೊಮ್ಮೆ ಚೆಂಡು. ತಾನು ಆಯುಷ್ಯವಿಡೀ ಕಲಿಸಿದ್ದನ್ನು ಆ ವಯಸ್ಸಿನಲ್ಲಿ ಬದಲಾಯಿಸಿಕೊಳ್ಳುವುದು ಸಣ್ಣ ಮಾತೇ? ನನಗೆ ಕಣ್ಣು ತುಂಬಿ ಬಂತು.

ಜನವರಿಯಲ್ಲಿ ಟ್ರಯಲ್ ಬಂತು, ಹೋಯಿತು. ಅವತ್ತು ಚಿನ್ನು ಮಧ್ಯಾಹ್ನದ ತನಕ ಹಾಸಿಗೆ ಬಿಟ್ಟು ಏಳಲಿಲ್ಲ. ಅದಾದ ಮೇಲೆ ಪಂಜಾಬಿಗಳ ಲೋಹ್ರಿ ಹಬ್ಬ. ನಾನು ಮರುದಿನದ ಸಂಕ್ರಾಂತಿಗೆಂದು ಎಳ್ಳು ಹುರಿದು, ಕೊಬ್ಬರಿ ಹೆಚ್ಚುತ್ತ ಕೂತಿದ್ದೆ. ಚಿನ್ನು ಬೆಲ್ಲ ಕತ್ತರಿಸುತ್ತಿದ್ದಳು. ಬೆಲ್ ಆಯಿತು. ಗುರ್‌ಲೀನ್! ಒಂದು ಕೈಯಲ್ಲಿ ರೇವಡಿ, ಗಜಕ್ ಎಂಬ ಎಳ್ಳಿನ ಮಿಠಾಯಿ ತುಂಬಿದ ತಟ್ಟೆ, ಇನ್ನೊಂದು ಕೈಯಲ್ಲಿ ಒಂದು ಚೀಲ.

"ಲೋಹ್ರಿ ಮುಬಾರಕ್ ಆಂಟೀ. ದಾದಿ ಕಳಿಸಿದ್ರು. ಇದೂ ನಮ್ಮನೇಲೇ ಉಳಿದಿತ್ತು, ವಾಪಸ್ ಕೊಡು ಅಂದ್ರು" ಎಂದು ಚೀಲವನ್ನು ಮೇಜಿನ ಮೇಲಿಟ್ಟು ಹೊರಟಳು.

ಚಿನ್ನು ಚೀಲ ತೆಗೆದಳು. ಒಳಗೆ ಅವಳ ಸ್ಕೂಲ್ ಸ್ವೆಟರ್ ಇತ್ತು. ಒಗೆದು, ಇಸ್ತ್ರಿ ಮಾಡಿ ಮಡಚಿದ್ದು. ಕಾಲರಿನ ಒಳಗೆ ನಾನೇ ಹೊಲಿದ ಅವಳ ಹೆಸರು.

"ಏಯ್, ಇದು ಬಸ್ಸಲ್ಲಿ ಹೋಗಿತ್ತಲ್ಲ. ನಿನ್ನ ಹತ್ರ ಹೇಗೆ ಬಂತು?" ಅಷ್ಟು ದಿನಗಳ ನಂತರ ಅವಳು ಗುರ್‌ಲೀನಳ ಜೊತೆ ಆಡಿದ ಮೊದಲ ಮಾತು ಅದು.

ಗುರ್‌ಲೀನ್ ಬಾಗಿಲಲ್ಲೇ ನಿಂತಳು. "ನೀನೇ ಕೊಟ್ಟೆ. ಅದರ ಮೇಲೇ ವಾಂತಿ ಆಗಿತ್ತು. ಅಮ್ಮ ನೋಡಿದ್ರೆ ಗೊತ್ತಾಗುತ್ತೆ, ನಿಮ್ಮನೆಗೆ ತಗೊಂಡ್ಹೋಗಿ ಒಗಿ ಅಂತ ನೀನೇ ಅಂದೆ. ನಾನೇ ಬಿಚ್ಚಿದ್ದು, ನಿನಗೆ ಗುಂಡಿ ಹಾಕೋಕೂ ಬಿಚ್ಚೋಕೂ ಆಗ್ತಿರ್ಲಿಲ್ಲ. ಚಳಿ ಅಂತ ನನ್ನ ಜಾಕೆಟ್ ಹಾಕಿ ನಿಮ್ಮ ಬಾಗಿಲ ತನಕ ತಂದುಬಿಟ್ಟೆ."

"ನಿನ್ನ ಜಾಕೆಟ್ಟಾ?"

"ನೀಲೀದು. ಮೆಟ್ಟಿಲ ಹತ್ರ ವಾಪಸ್ ಕೊಟ್ಟೆಯಲ್ಲ."

ಚಿನ್ನು ಸ್ವೆಟರನ್ನು ಮೂಸಿದಳು. ಬೇರೆ ಮನೆಯ ಸೋಪು, ಜೊತೆಗೆ ಒಂಚೂರು ಸಾಸಿವೆ ಎಣ್ಣೆ. ಅವಳ ಮುಖದ ಬಣ್ಣ ಇಳಿಯುತ್ತ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಡಾಕ್ಟರು ಹೇಳಿದಾಗ ನಂಬದ್ದನ್ನು, ನಾನು ಬಡಕೊಂಡಾಗ ನಂಬದ್ದನ್ನು ಆ ಉಣ್ಣೆಯ ಬಟ್ಟೆ ನಂಬಿಸಿತು. "ಅಮ್ಮಾ, ನನಗೆ ಗೊತ್ತೇ ಇಲ್ಲ" ಎಂದಳು ಸಣ್ಣ ಮಗುವಿನ ಹಾಗೆ. "ನನಗೆ ಏನೂ ಗೊತ್ತಿಲ್ಲ ಅಮ್ಮಾ." ಆಮೇಲೆ ಗುರ್‌ಲೀನಳ ಕಡೆ ತಿರುಗಿ ಕೇಳಿದಳು: "ಆಣೆನೂ ಮಾಡಿಸಿದ್ನಾ?"

"ಹೂಂ."

"ನನ್ನ ತಲೆ ಮುಟ್ಟಿಸಿ?"

"ಹೂಂ ಯಾರ್."

ಇಬ್ಬರೂ ಹೋ ಎಂದು ಅತ್ತರು. ಅತ್ತು ಮುಗಿದ ಮೇಲೆ ಚಿನ್ನು ತಾನೇ ಎದ್ದು, ಇನ್ನೂ ಪೂರ್ತಿ ಬೆರೆಸದ ಎಳ್ಳಿನ ಪಾತ್ರೆಯಿಂದ ಒಂದು ಹಿಡಿ ತಂದು ಅವಳ ಕೈಗೆ ಸುರಿದಳು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರೆ ನಮ್ಮಲ್ಲಿ. ಕೆಟ್ಟ ಮಾತಾಡಿದ್ದು ನಾನು. ನೀನು ತಿನ್ನು, ನಾನು ಒಳ್ಳೆ ಮಾತಾಡ್ತೀನಿ" ಎಂದಳು. ಹಬ್ಬಕ್ಕೆ ಒಂದು ದಿನ ಮೊದಲೇ ಎಳ್ಳು ಬೀರಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಚಿನ್ನು ಈಗ ಹನ್ನೊಂದನೇ ಕ್ಲಾಸು. ಫುಟ್‌ಬಾಲ್ ಬಿಟ್ಟಿಲ್ಲ. ಮೈದಾನದ ನಡುವೆ ಆಡುತ್ತಾಳೆ, ಕಾಲಿನಲ್ಲಿ ಚೆಂಡು ಹಂಚುತ್ತಾಳೆ, ಮೇಲಿಂದ ಬಂದದ್ದನ್ನು ಎದೆಯಲ್ಲಿ ಇಳಿಸಿಕೊಳ್ಳುತ್ತಾಳೆ. ಹೋದ ವರ್ಷ ದೆಹಲಿ ತಂಡದ ಟ್ರಯಲ್‌ಗೂ ಹೋಗಿ ಬಂದಳು. ಆಯ್ಕೆಯಾಗಲಿಲ್ಲ, ಸತ್ತೂ ಹೋಗಲಿಲ್ಲ. ಬಿಷ್ಟ್ ಸರ್ ಈಗಲೂ ಬಲೂನು ಊದುತ್ತಾರೆ. ನೀಲಿ ಹಕ್ಕಿಯ ಹೊಟ್ಟೆಯ ಮಚ್ಚೆಗಳು ಮಳೆಗೆ ತೊಳೆದುಹೋಗಿವೆ. ಒಂದೊಂದು ಸಲ ಅವಳು ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವಾಗ ನನ್ನ ಎದೆ ಧಸಕ್ಕೆನ್ನುತ್ತದೆ. ಆಮೇಲೆ ನನ್ನ ಕನ್ನಡಕವನ್ನೂ ನಾನು ಹುಡುಕುತ್ತಿರುತ್ತೇನೆ ಎಂದು ನೆನಪಾಗಿ ಸುಮ್ಮನಾಗುತ್ತೇನೆ. ಡಾಕ್ಟರಮ್ಮನ 'ಗೊತ್ತಿಲ್ಲ' ನಮ್ಮ ಮನೆಯಲ್ಲೇ ಒಂದು ಮೂಲೆಯಲ್ಲಿ ಇದೆ, ನಾವೂ ಇದ್ದೇವೆ.

ಆ ಬುಧವಾರದ ಸಂಜೆ ಮಾತ್ರ ಅವಳಿಗೆ ಮತ್ತೆ ಸಿಗಲಿಲ್ಲ. ಹಾಗಾಗಿ ಪ್ರತಿ ನರಕ ಚತುರ್ದಶಿಗೂ ಬೆಳಿಗ್ಗೆ ಗುರ್‌ಲೀನ್ ನಮ್ಮ ಮನೆಗೆ ಬರುತ್ತಾಳೆ. ಹರಳೆಣ್ಣೆಗೆ ಮೂಗು ಮುಚ್ಚಿಕೊಂಡೇ ಚಾಪೆಯ ಮೇಲೆ ಕೂರುತ್ತಾಳೆ. ಚಿನ್ನು ಅವಳ ಪಕ್ಕ ಕೂತು, "ಹೇಳೇ, ಆವತ್ತು ಏನೇನಾಯ್ತು?" ಎನ್ನುತ್ತಾಳೆ. ಅವಳು ಹೇಳುತ್ತಾಳೆ. ಎದುರಿನ ಗೋಲು, "ನಾವು ಗೆದ್ವಾ?", ಸ್ವೆಟರು, ನೀಲಿ ಜಾಕೆಟ್ಟು, ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ.

ಹೋದ ವರ್ಷ ಆರತಿ ಎತ್ತಿ, ಎಣ್ಣೆಯ ಬಟ್ಟಲು ಹಿಡಿದು ಮೊದಲು ಮಗಳ ಮುಂದೆ ಬಗ್ಗಿದೆ. ಚಿನ್ನು ತಲೆ ಹಿಂದಕ್ಕೆ ಎಳೆದುಕೊಂಡಳು.

"ಪೆಹಲೇ ಇಸ್ಕೋ ಅಮ್ಮಾ, ಮೊದಲು ಇವಳಿಗೆ. ನನ್ನ ತಲೇಲಿ ಇರಬೇಕಾದ್ದು ಇವಳ ತಲೇಲಿದೆ."

ನಾನು ಗುರ್‌ಲೀನಳ ನೆತ್ತಿಗೆ ಎಣ್ಣೆ ಹಾಕಿ ತಟ್ಟಿದೆ. "ನೂರು ಕಾಲ ಬಾಳು ಮಗಳೇ, ನೆತ್ತಿ ತಣ್ಣಗಿರಲಿ" ಎಂದೆ. ಅವಳಿಗೆ ಕನ್ನಡ ಬರುವುದಿಲ್ಲ. ಆದರೂ "ಹೂಂ ಆಂಟೀ" ಎಂದಳು.